ಹೊಲಿಗೆಗೂ ಕೌದಿಗೂ ಕಡಿಮೆ ಬೆಲೆಯ ಇಸ್ತ್ರಿ ಪೆಟ್ಟಿಗೆ: ಆರಿಸುವ ಕ್ರಮ, ಪರೀಕ್ಷೆ, ಬಳಕೆ

ಬ್ಲೌಸಿನ ಕುತ್ತಿಗೆಗೆ ಹಚ್ಚಿದ ಫ್ಯೂಸಿಂಗ್ (ಬಟ್ಟೆ ಬಿಗಿಯಾಗಿ ನಿಲ್ಲಲು ಹಿಂಬದಿಗೆ ಇಸ್ತ್ರಿಯ ಕಾವಿನಲ್ಲಿ ಅಂಟಿಸುವ ಪದರ) ಒಂದೇ ಒಗೆತಕ್ಕೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಕ್ವಿಲ್ಟ್‌ಗೆಂದು (ತುಂಡು ಜೋಡಿಸಿ ಮೆಷಿನ್ನಿನಲ್ಲಿ ಹೊಲಿಯುವ ಕೌದಿ) ಅಳತೆ ಹಿಡಿದು ಕತ್ತರಿಸಿದ ಚೌಕಗಳು ಜೋಡಿಸುವಾಗ ಒಂದಕ್ಕೊಂದು ಕೂಡುವುದಿಲ್ಲ. ಕಾಲರ್ ತುದಿ ಚೂಪಾಗಿ ಬರುವುದಿಲ್ಲ. ಇದೆಲ್ಲ ಆದಾಗ ನಾವು ಹೊಲಿಗೆ ಮೆಷಿನ್ನನ್ನೋ ದಾರವನ್ನೋ ಬೈಯುತ್ತೇವೆ. ಬಹಳ ಸಲ ತೊಂದರೆ ಇರುವುದು ಇಸ್ತ್ರಿಯಲ್ಲಿ.

ಬಟ್ಟೆ ಸುಕ್ಕು ತೆಗೆಯುವ ಪೆಟ್ಟಿಗೆಯೇ ಹೊಲಿಗೆಗೂ ಸಾಕು ಅಂದುಕೊಳ್ಳುವುದು ಮೊದಲ ತಪ್ಪು. ಹಾಗಾದರೆ ದುಬಾರಿ ಸ್ಟೀಮ್ ಪೆಟ್ಟಿಗೆ ತಂದರೆ ಸರಿಹೋಗುತ್ತದೆ ಅನ್ನುವುದು ಎರಡನೆಯ ತಪ್ಪು. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಸ್ವಲ್ಪ ಭಾರ ಇರುವ, ತಳದಲ್ಲಿ ತೂತಿಲ್ಲದ, ಸಾದಾ ಡ್ರೈ ಐರನ್ ತಗೊಳ್ಳಿ. ಉಳಿದ ದುಡ್ಡನ್ನು ಇಸ್ತ್ರಿ ಮಾಡುವಾಗ ಬಟ್ಟೆಯ ಕೆಳಗೆ ಹಾಕುವ ಹಾಸಿನ ಮೇಲೆ ಖರ್ಚು ಮಾಡಿ. ಯಾರಿಗೆ ಇದು ಹೊಂದುವುದಿಲ್ಲ ಅನ್ನೋದನ್ನೂ ಕೆಳಗೆ ಹೇಳಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ. ಅಂಗಡಿಗೆ ಹೋಗುವುದು ಐದನೆಯ ಹಂತದಲ್ಲಿ, ಅದಕ್ಕೂ ಮೊದಲಲ್ಲ.

## ಬೇಕಾಗುವ ಸಾಮಾನು

ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಹಳೆಯ ಕಾಟನ್ ಪಂಚೆ ಅಥವಾ ಬೆಡ್‌ಶೀಟ್, ಒಂದು ಉಣ್ಣೆ ಕಂಬಳಿ, ಗಟ್ಟಿ ಹಲಗೆ, ಸ್ಟೀಲ್ ಸ್ಕೇಲು, ಫ್ಯೂಸಿಂಗ್ ಒತ್ತುವಾಗ ಮೇಲೆ ಹಾಕಲು ಕರವಸ್ತ್ರದಷ್ಟು ದೊಡ್ಡ ತೆಳು ಕಾಟನ್ ತುಂಡು. ಇವುಗಳಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಸಿಗುತ್ತವೆ.

## ಹಂತ 1: ನೀವು ಏನು ಹೊಲಿಯುತ್ತೀರಿ ಅಂತ ಬರೆದುಕೊಳ್ಳಿ

ಬ್ಲೌಸ್, ಚೂಡಿದಾರ್, ಶರ್ಟ್ ಹೊಲಿಯುವವರಿಗೆ ಫ್ಯೂಸಿಂಗ್ ಮತ್ತು ಕ್ಯಾನ್ವಾಸ್ ಅಂಟಿಸುವ ಕೆಲಸ ಜಾಸ್ತಿ. ಇವರಿಗೆ ಒಂದೇ ಸಮನೆ ಕಾಯುವ, ಸಪಾಟಾದ ತಳ ಬೇಕು.

ತುಂಡು ಜೋಡಿಸಿ ಮೆಷಿನ್ನಿನಲ್ಲಿ ಕ್ವಿಲ್ಟ್ ಮಾಡುವವರಿಗೆ ಪ್ರತಿ ಹೊಲಿಗೆಯಾದ ಮೇಲೂ ಇಸ್ತ್ರಿ ಒತ್ತುವುದಿರುತ್ತದೆ. ಇವರಿಗೆ ಭಾರ ಮತ್ತು ಚೂಪು ಮೂತಿ ಎರಡೂ ಮುಖ್ಯ.

ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಕೌದಿ ಹೊಲಿಯುವವರು ಹೊಸ ಪೆಟ್ಟಿಗೆಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಪದರ ಹಾಸುವ ಮುಂಚೆ ಸುಕ್ಕು ಹೋದರೆ ಸಾಕು, ಮನೆಯಲ್ಲಿರುವುದರಲ್ಲೇ ಆಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿ. ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾ, ತುಂಡಿನ ಅಂಚನ್ನು ಬೆರಳಲ್ಲೇ ಒಳಗೆ ಮಡಚಿ ಹೊಲಿಯುತ್ತಾ ಹೋಗುತ್ತಾರೆ. ಅಲ್ಲಿ ಇಸ್ತ್ರಿಯ ಕೆಲಸ ತೀರಾ ಕಡಿಮೆ.

ಬಟ್ಟೆಯ ಜಾತಿಯನ್ನೂ ಬರೆದುಕೊಳ್ಳಿ. ಬರೀ ಕಾಟನ್ನೋ, ಮೈಸೂರು ಸಿಲ್ಕಿನ ತುಂಡೂ ಉಂಟೋ, ಗುಳೇದಗುಡ್ಡದ ಖಣ ಉಂಟೋ, ಜರಿ ಅಂಚು ಉಂಟೋ? ಸಿಲ್ಕು, ಜರಿ ಇದ್ದರೆ ಕಡಿಮೆ ಕಾವಿನಲ್ಲೂ ಹದ ತಪ್ಪದ ಪೆಟ್ಟಿಗೆ ಬೇಕಾಗುತ್ತದೆ.

## ಹಂತ 2: ಮನೆಯ ಸ್ವಿಚ್ ಬೋರ್ಡ್ ನೋಡಿ

ಇದನ್ನು ಬಿಟ್ಟು ಪೆಟ್ಟಿಗೆ ತಂದವರು ಆಮೇಲೆ ಪ್ಲಗ್ ಸುಟ್ಟುಕೊಳ್ಳುತ್ತಾರೆ. ಲೆಕ್ಕ ಸುಲಭ. ವ್ಯಾಟನ್ನು 230ರಿಂದ ಭಾಗಿಸಿ. 1000 ವ್ಯಾಟ್ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಗಳ ಸಣ್ಣ ಸಾಕೆಟ್ 6 ಆಂಪಿಯರ್‌ನದು, ಅದು ತಡೆಯುತ್ತದೆ. 2000 ವ್ಯಾಟ್ ಸ್ಟೀಮ್ ಪೆಟ್ಟಿಗೆ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಬೇಕು.

ಹೊಲಿಗೆ ಮೆಷಿನ್ನು, ದೀಪ, ಇಸ್ತ್ರಿ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಬೇಡಿ. ತೆಳು ವೈರಿನ ಬಾಕ್ಸ್ ಬಿಸಿಯಾಗಿ ಕರಗುತ್ತದೆ. ಇಸ್ತ್ರಿಗೆ ನೇರ ಗೋಡೆಯ ಸಾಕೆಟ್ ಕೊಡಿ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಹಾಕುವುದೂ ಬೇಡ. ಫ್ಯಾನು, ಲೈಟಿಗಾಗಿ ಹಾಕಿಸಿದ ಸಾಧಾರಣ ಇನ್ವರ್ಟರ್‌ಗೆ 1000 ವ್ಯಾಟ್ ಹೊರುವ ತಾಕತ್ತು ಇರುವುದಿಲ್ಲ.

ಮೂರು ಪಿನ್ನಿನಲ್ಲಿ ದಪ್ಪಗಿರುವುದು ಅರ್ತಿಂಗ್ ಪಿನ್. ಅದನ್ನು ಮುರಿದು ಎರಡು ಪಿನ್ ಸಾಕೆಟ್‌ಗೆ ತುರುಕುವುದು ಜೀವಕ್ಕೇ ಅಪಾಯ. ಹೊಲಿಗೆಯಲ್ಲಿ ಒದ್ದೆ ಬಟ್ಟೆ, ಒದ್ದೆ ಕೈ ಇದ್ದೇ ಇರುತ್ತೆ ಅಲ್ವಾ? ಹಳೆ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆದು ಅರ್ತಿಂಗ್ ಸರಿ ಇದೆಯಾ ಅಂತ ಒಮ್ಮೆ ನೋಡಿಸಿಬಿಡಿ.

## ಹಂತ 3: ಡ್ರೈ, ಸ್ಟೀಮ್, ಬಾಟಲಿ ಸ್ಟೀಮ್ – ಯಾವುದು?

ಡ್ರೈ ಐರನ್. ಹಗುರದ್ದು ಹೆಚ್ಚುಕಡಿಮೆ 500ರಿಂದ 900 ರೂಪಾಯಿ. ಭಾರದ್ದು 1000ದಿಂದ 1800. ಒಳಗೆ ನೀರಿನ ತೊಟ್ಟಿ ಇಲ್ಲ, ಸೋರುವುದಿಲ್ಲ, ಕೆಡುವ ಭಾಗ ಕಡಿಮೆ. ತಳದಲ್ಲಿ ತೂತಿಲ್ಲ. ಹಬೆ ಬೇಕಾದಾಗ ಬಟ್ಟೆಗೆ ನೀರು ಚಿಮುಕಿಸಿಕೊಂಡರಾಯಿತು. ಎಲ್ಲಿ ಎಷ್ಟು ತೇವ ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಮನೆಬಳಕೆಯ ಸ್ಟೀಮ್ ಐರನ್. ಶರ್ಟ್ ಸುಕ್ಕು ತೆಗೆಯಲು ಒಳ್ಳೆಯದೇ. ಹೊಲಿಗೆಗೆ ಮೂರು ತೊಂದರೆ. ಮೊದಲನೆಯದು ತೂತು. ತೂತಿನ ಕೆಳಗೆ ಬಿಸಿ ಲೋಹ ತಾಗುವುದಿಲ್ಲ, ಒಂದೇ ಕಡೆ ಇಟ್ಟು ಒತ್ತಿದರೆ ಆ ಜಾಗದಲ್ಲಿ ಅಂಟು ಸರಿಯಾಗಿ ಕರಗುವುದಿಲ್ಲ. ಎರಡನೆಯದು ನೀರು. ಕಾವು ಕಮ್ಮಿ ಇಟ್ಟಾಗ ಅಗ್ಗದ ಪೆಟ್ಟಿಗೆ ಹನಿ ಉದುರಿಸುತ್ತದೆ, ಸಿಲ್ಕಿನ ಮೇಲೆ ಆ ಹನಿ ಕಲೆಯಾಗಿ ಕೂರುತ್ತದೆ. ಮೂರನೆಯದು ಸುಣ್ಣ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕೆಲವು ತಿಂಗಳಲ್ಲೇ ತೂತು ಕಟ್ಟಿಕೊಂಡು ಬಿಳಿ ಪುಡಿಯೋ ಕಂದು ನೀರೋ ಬಟ್ಟೆ ಮೇಲೆ ಬೀಳುತ್ತದೆ. ಕುದಿಸಿ ಆರಿಸಿದ ನೀರಿನಿಂದ ಇದು ಪೂರ್ತಿ ತಪ್ಪುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಒಂದೇ ಪೆಟ್ಟಿಗೆ ಇಡಲು ಜಾಗ, ಅದರಲ್ಲೇ ಆಫೀಸ್ ಬಟ್ಟೆಗೂ ಇಸ್ತ್ರಿ ಆಗಬೇಕು ಅನ್ನುವವರು ಸ್ಟೀಮ್ ತಗೊಳ್ಳಲಿ. ಸ್ಟೀಮ್ ಪೂರ್ತಿ ಬಂದ್ ಮಾಡುವ ಗುಂಡಿ ಇರುವುದನ್ನೇ ಆರಿಸಿ. ಫ್ಯೂಸಿಂಗ್ ಮಾಡುವಾಗ ತೊಟ್ಟಿ ಖಾಲಿ ಮಾಡಿ, ಸ್ಟೀಮ್ ಬಂದ್ ಮಾಡಿ, ಪೆಟ್ಟಿಗೆಯನ್ನು ಎತ್ತಿ ಅರ್ಧ ತಳದಷ್ಟು ಪಕ್ಕಕ್ಕೆ ಇಟ್ಟು ಎರಡು ಸಲ ಒತ್ತಿ.

ಬಾಟಲಿ ನೇತುಹಾಕುವ ಸ್ಟೀಮ್ ಐರನ್. ಗಾರ್ಮೆಂಟ್ಸ್‌ನಲ್ಲಿ, ಬೊಟೀಕ್‌ಗಳಲ್ಲಿ ಕಾಣುವಂಥದ್ದು. ಮೇಲೆ ನೇತುಹಾಕಿದ ಬಾಟಲಿಯಿಂದ ಪೈಪಿನಲ್ಲಿ ನೀರು ಇಳಿದು, ಗುಂಡಿ ಒತ್ತಿದಾಗ ಮಾತ್ರ ಹಬೆ ಬರುತ್ತದೆ. ನೀರಿನ ಗಡಸು ಹೀರುವ ಹರಳುಗಳನ್ನು ಬಾಟಲಿಯಲ್ಲೋ ಪೈಪಿನ ಬಾಯಲ್ಲೋ ಹಾಕಿರುತ್ತಾರೆ. ಬಣ್ಣ ಬದಲಾದರೆ ಹೊಸದು ಹಾಕಬೇಕು. ಬೆಲೆ ಸುಮಾರು 2500ರಿಂದ ಮೇಲೆ. ದಿನವಿಡೀ ಹೊಲಿದು ಸಂಪಾದಿಸುವವರಿಗೆ ಇದು ಸರಿಯಾದ ಹೂಡಿಕೆ. ವಾರಕ್ಕೊಮ್ಮೆ ಹೊಲಿಯುವವರಿಗೆ ಸುಮ್ನೆ ಜಾಗ ತಿನ್ನುತ್ತದೆ.

ಬಟ್ಟೆಯನ್ನು ಹ್ಯಾಂಗರಿಗೆ ತೂಗುಹಾಕಿ ಹಬೆ ಬಿಡುವ ಸ್ಟೀಮರ್ ಬೇಡವೇ ಬೇಡ. ಅದರಲ್ಲಿ ಒತ್ತಡವೇ ಇಲ್ಲ, ಹೊಲಿಗೆ ಕೂರುವುದಿಲ್ಲ. ಪ್ರಯಾಣಕ್ಕೆ ಮಾಡಿದ ಪುಟ್ಟ ಪೆಟ್ಟಿಗೆಯೂ ಒಂದೇ ಪೆಟ್ಟಿಗೆಯಾಗಿ ಸಾಲದು.

## ಹಂತ 4: ತೂಕ, ತಳ, ವ್ಯಾಟ್

ಮೂರರಲ್ಲಿ ವ್ಯಾಟ್‌ಗೆ ಕೊನೆಯ ಸ್ಥಾನ. ಜಾಹೀರಾತಿನಲ್ಲಿ ಅದೇ ಮೊದಲು ಕಾಣುವುದರಿಂದ ಜನ ಮೋಸಹೋಗುತ್ತಾರೆ. ವ್ಯಾಟ್ ಹೇಳುವುದು ಎಷ್ಟು ಬೇಗ ಕಾಯುತ್ತದೆ ಅನ್ನುವುದನ್ನು. ತೇವದ ಬಟ್ಟೆ ಮೇಲಿಟ್ಟಾಗ ಕಾವು ಉಳಿಯುತ್ತದೆಯೇ ಅನ್ನುವುದು ತಳದ ಲೋಹದ ದಪ್ಪದ ಮೇಲೆ ನಿಂತಿದೆ. ತೆಳು ತಳದ ಹಗುರ ಪೆಟ್ಟಿಗೆ ಒದ್ದೆ ಕಾಟನ್ ಮುಟ್ಟಿದ ಕೂಡಲೇ ತಣ್ಣಗಾಗುತ್ತದೆ. ನೀವು ಕಾಯುತ್ತಾ ನಿಲ್ಲಬೇಕು, ಇಲ್ಲವೇ ಉಜ್ಜಬೇಕು. ಉಜ್ಜಿದರೆ ತುಂಡು ಎಳೆದುಕೊಂಡು ಹೋಗುತ್ತದೆ. ಮನೆ ಹೊಲಿಗೆಗೆ 1000 ವ್ಯಾಟ್ ಧಾರಾಳ ಸಾಕು.

ತೂಕ ಒಂದೂವರೆಯಿಂದ ಎರಡು ಕಿಲೋ ಒಳಗಿರಲಿ. ಭಾರ ತಾನೇ ಒತ್ತುವುದರಿಂದ ಭುಜಕ್ಕೆ ಶ್ರಮ ಕಡಿಮೆ. ಆದರೆ ಕ್ವಿಲ್ಟ್ ಮಾಡುವಾಗ ಪೆಟ್ಟಿಗೆಯನ್ನು ನೂರಾರು ಸಲ ಎತ್ತಿ ಇಡಬೇಕು. ಮಣಿಕಟ್ಟು ನೋವು ಇರುವವರು ಒಂದು ಕಿಲೋ ಆಸುಪಾಸಿನದ್ದೇ ತಗೊಂಡು, ಹಾಸನ್ನು ಗಟ್ಟಿ ಮಾಡಿಕೊಳ್ಳಿ. ದರ್ಜಿಗಳ ಅಂಗಡಿಯ ಮೂರು ಕಿಲೋ ಮೀರಿದ ಪೆಟ್ಟಿಗೆ ಕೋಟು, ಪ್ಯಾಂಟಿಗೆ ಚೆನ್ನ. ಸಣ್ಣ ತುಂಡುಗಳಿಗೆ ಅದು ತೊಡಕು.

ತಳದ ಮೇಲಿನ ಲೇಪನ: ನಾನ್‌ಸ್ಟಿಕ್ ಇದ್ದರೆ ಫ್ಯೂಸಿಂಗ್ ಅಂಟು ಸುಲಭವಾಗಿ ಬಿಡುತ್ತದೆ. ಆದರೆ ಗುಂಡುಪಿನ್ನು, ಜಿಪ್ಪು, ಹುಕ್ಕು ತಾಗಿದರೆ ಗೀರು ಬೀಳುತ್ತದೆ. ಗೀರಿನಲ್ಲಿ ಅಂಟು ಸೇರಿ ಕಪ್ಪಾಗಿ, ಆ ಕಪ್ಪು ಬಿಳಿ ಬಟ್ಟೆಗೆ ಹತ್ತುತ್ತದೆ. ಸಾದಾ ಲೋಹದ ತಳ ಗೀರಿಗೆ ಅಷ್ಟು ಅಂಜುವುದಿಲ್ಲ, ಆದರೆ ಅಂಟು ಹಿಡಿಯುತ್ತದೆ. ಪಿನ್ ತೆಗೆದೇ ಇಸ್ತ್ರಿ ಮಾಡುವ ಶಿಸ್ತು ಇದ್ದರೆ ನಾನ್‌ಸ್ಟಿಕ್ ತಗೊಳ್ಳಿ.

ಮೂತಿ ಚೂಪಾಗಿರಲಿ. ಬಿಡಿಸಿದ ಹೊಲಿಗೆಯ ನಡುವೆ, ತೋಳಿನ ಮೂಲೆಯೊಳಗೆ, ಡಾರ್ಟಿನ (ಬಟ್ಟೆ ಮೈಗೆ ಕೂರಲು ಹಿಡಿಯುವ ಚೂಪು ಮಡಿಕೆ) ತುದಿಗೆ ಅದು ಹೋಗಬೇಕು. ಮೊಂಡು ಮೂತಿಯ ಪೆಟ್ಟಿಗೆ ಎಷ್ಟೇ ಅಗ್ಗ ಸಿಕ್ಕರೂ ಬೇಡ.

ತಾನೇ ಆರಿಹೋಗುವ ಸೌಲಭ್ಯದ ಬಗ್ಗೆ ಒಂದು ಮಾತು. ಸುರಕ್ಷತೆಗೆ ಒಳ್ಳೆಯದು, ಮಕ್ಕಳಿರುವ ಮನೆಯಲ್ಲಿ ಬೇಕೇ ಬೇಕು ಅನ್ನಬಹುದು. ಆದರೆ ಮೆಷಿನ್ ಹತ್ತಿರ ಹತ್ತು ನಿಮಿಷ ಕೂತು ಬರುವಷ್ಟರಲ್ಲಿ ಪೆಟ್ಟಿಗೆ ತಣ್ಣಗಾಗಿರುತ್ತದೆ. ಅದಿಲ್ಲದ ಪೆಟ್ಟಿಗೆ ಇದ್ದರೆ ಕೆಂಪು ದೀಪದ ಸ್ವಿಚ್ ಇರುವ ಸಾಕೆಟ್ಟಿಗೇ ಹಾಕಿ, ಎದ್ದು ಹೋಗುವಾಗ ಗೋಡೆಯಲ್ಲೇ ಆರಿಸಿ.

## ಹಂತ 5: ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಸ್ಟೀಲ್ ಸ್ಕೇಲು ಜೊತೆಗೆ ತಗೊಂಡು ಹೋಗಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

1. ಐಎಸ್‌ಐ ಗುರುತು. ಪೆಟ್ಟಿಗೆ ಮೈಮೇಲೇ ಇರಬೇಕು, ಬರೀ ರಟ್ಟಿನ ಡಬ್ಬದ ಮೇಲಿದ್ದರೆ ಸಾಲದು. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಸಂತೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಹೆಸರಿಲ್ಲದ ಪೆಟ್ಟಿಗೆ ಇಲ್ಲೇ ಸೋಲುತ್ತದೆ.
2. ಸಪಾಟು. ತಳ ಮೇಲೆ ಮಾಡಿ ಸ್ಕೇಲಿನ ಅಂಚನ್ನು ಅಡ್ಡಕ್ಕೂ ಉದ್ದಕ್ಕೂ ನಿಲ್ಲಿಸಿ. ಬೆಳಕಿಗೆ ಹಿಡಿದು ನೋಡಿ. ಸ್ಕೇಲಿನ ಕೆಳಗೆ ಬೆಳಕು ತೂರಿ ಬಂದರೆ ಅಲ್ಲಿ ತಗ್ಗು ಇದೆ, ಫ್ಯೂಸಿಂಗ್ ಅಲ್ಲೇ ಏಳುವುದು.
3. ಹಿಡಿ. ಪೆಟ್ಟಿಗೆ ಎತ್ತಿ, ಇಡಿ. ಹತ್ತಿಪ್ಪತ್ತು ಸಲ ಮಾಡಿ. ಬೆರಳ ಗೆಣ್ಣು ಮೈಗೆ ತಾಗುತ್ತಿದ್ದರೆ ಕಾದಾಗ ಸುಡುತ್ತದೆ.
4. ನಿಲ್ಲುವಿಕೆ. ಹಿಂಬದಿ ಮೇಲೆ ನಿಲ್ಲಿಸಿ, ಮೇಜನ್ನು ಸ್ವಲ್ಪ ಅಲ್ಲಾಡಿಸಿ. ಬೀಳುವಂತಿದ್ದರೆ ಬೇಡ.
5. ವೈರು. ವೈರು ಪೆಟ್ಟಿಗೆಯಿಂದ ಹೊರಬರುವ ಜಾಗ ಸುತ್ತಲೂ ತಿರುಗಬೇಕು. ಎಡಗೈಯವರಿಗೆ ಇದು ಇನ್ನೂ ಮುಖ್ಯ. ಉದ್ದ ಎರಡು ಮೀಟರಿನ ಆಸುಪಾಸು ಇರಲಿ. ಬಟ್ಟೆ ಸುತ್ತಿದ ವೈರಾದರೆ ಬಿಸಿ ತಳ ತಾಗಿದಾಗ ಬೇಗ ಕರಗುವುದಿಲ್ಲ.
6. ಸರ್ವಿಸ್. ನಿಮ್ಮ ಊರಲ್ಲಿ ಅಥವಾ ಹತ್ತಿರದ ತಾಲೂಕು ಕೇಂದ್ರದಲ್ಲಿ ಥರ್ಮೋಸ್ಟಾಟ್ (ಕಾವನ್ನು ಹದದಲ್ಲಿಡುವ ಭಾಗ), ಎಲಿಮೆಂಟ್ (ಕಾವು ಕೊಡುವ ಭಾಗ) ಸಿಗುತ್ತದೆಯಾ ಅಂತ ಕೇಳಿ. ಬಜಾಜ್, ಉಷಾ, ಫಿಲಿಪ್ಸ್, ಹ್ಯಾವೆಲ್ಸ್‌ನಂಥ ಹೆಸರುಗಳನ್ನು ಜನ ಕೇಳುವುದು ಇದಕ್ಕಾಗಿಯೇ. ಬ್ರ್ಯಾಂಡ್ ಯಾವುದಾದರೂ ಇರಲಿ, ಮೇಲಿನ ಐದು ಪರೀಕ್ಷೆ ಬಿಡಬೇಡಿ.

ಆನ್‌ಲೈನಿನಲ್ಲಿ ತರಿಸುವವರು ವಿವರದಲ್ಲಿ ತೂಕ ಬರೆದಿದೆಯಾ ನೋಡಿ. ಕೆಲವು ಕಡೆ ಡಬ್ಬದ ಸಮೇತ ತೂಕ ಬರೆದಿರುತ್ತಾರೆ. ವಾಪಸ್ ಕೊಡಲು ಎಷ್ಟು ದಿನ ಅಂತ ತಿಳಿದುಕೊಂಡು, ಮುಂದಿನ ಹಂತವನ್ನು ಅಷ್ಟರೊಳಗೆ ಮುಗಿಸಿ.

## ಹಂತ 6: ಮನೆಗೆ ತಂದ ದಿನ

ತಳದ ಸ್ಟಿಕ್ಕರ್, ಪ್ಲಾಸ್ಟಿಕ್ ಹಾಳೆ ಕಿತ್ತು ಒರೆಸಿ. ಮೊದಲ ಸಲ ಕಾಯಿಸಿದಾಗ ಸ್ವಲ್ಪ ಹೊಗೆ, ವಾಸನೆ ಬರಬಹುದು. ಕಿಟಕಿ ತೆಗೆದು ಹತ್ತು ನಿಮಿಷ ಬಿಡಿ. ಆಮೇಲೂ ಸುಟ್ಟ ವಾಸನೆ ಬಂದರೆ ವಾಪಸ್ ಕೊಡಿ.

ಈಗ ಕಾವಿನ ಪರೀಕ್ಷೆ. ಹಳೆ ಬಿಳಿ ಪಂಚೆಯನ್ನು ಒಂದೇ ಸಮ ತೇವ ಮಾಡಿ ಹಾಸಿ. ಕಾಟನ್ ಗುರುತಿಗೆ ಕಾಯಿಸಿದ ಪೆಟ್ಟಿಗೆಯನ್ನು ಅದರ ಮೇಲೆ ಹತ್ತು ಸೆಕೆಂಡ್ ಅಲ್ಲಾಡಿಸದೆ ಇಟ್ಟು ಎತ್ತಿ. ತಳದ ಆಕಾರದಲ್ಲಿ ಒಣಗಿದ ಅಚ್ಚು ಬೀಳುತ್ತದೆ. ಅಚ್ಚು ಪೂರ್ತಿ ಒಂದೇ ಸಮ ಇರಬೇಕು. ಮೂತಿಯ ಕಡೆ ಒದ್ದೆ ಉಳಿದಿದ್ದರೆ ಅಲ್ಲಿಗೆ ಕಾವು ಹೋಗುತ್ತಿಲ್ಲ. ಒಂದು ಕಡೆ ಕಂದಾಗಿದ್ದರೆ ಅಲ್ಲಿ ಜಾಸ್ತಿ. ಎರಡೂ ಬದಲಿಸಿಕೊಳ್ಳುವಂಥ ದೋಷ.

ಇನ್ನೊಂದು ವಿಷಯ. ಕಾವಿನ ದೀಪ ಮೊದಲ ಸಲ ಆರಿದ ಕೂಡಲೇ ಸಿಲ್ಕಿನ ಮೇಲೆ ಇಡಬೇಡಿ. ಮೊದಲ ಸಲ ಕಾಯುವಾಗ ತಳ ನಿಗದಿಗಿಂತ ಮೇಲೇರಿ ಆಮೇಲೆ ಇಳಿಯುತ್ತದೆ. ದೀಪ ಹತ್ತಿ ಎರಡನೆಯ ಸಲ ಆರಿದ ಮೇಲೆ ಶುರುಮಾಡಿ.

ಡಯಲ್‌ನಲ್ಲಿ ಚುಕ್ಕಿ ಇದ್ದರೆ ಹೀಗೆ ಓದಿ: ಬಟ್ಟೆಯ ಲೇಬಲ್ಲಿನ ಅಂತರರಾಷ್ಟ್ರೀಯ ಗುರುತಿನ ಪ್ರಕಾರ ಒಂದು ಚುಕ್ಕಿಗೆ ತಳದ ಕಾವಿನ ಮಿತಿ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ ಸುಮಾರು 150, ಮೂರಕ್ಕೆ ಸುಮಾರು 200. ನೈಲಾನ್‌ನಂಥ ಸಿಂಥೆಟಿಕ್‌ಗೆ ಒಂದು, ರೇಷ್ಮೆ ಉಣ್ಣೆಗೆ ಎರಡು, ಕಾಟನ್ ಲಿನನ್‌ಗೆ ಮೂರು.

ತುಂಡಿನ ಜಾತಿ ಗೊತ್ತಿಲ್ಲವೇ? ಅಂಚಿನಿಂದ ಒಂದೆರಡು ಎಳೆ ತೆಗೆದು ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್ನು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್. ಹಳೆ ಸೀರೆಗಳಿಂದ ಹೊಲಿಯುವವರು ಈ ಪರೀಕ್ಷೆ ಮಾಡಲೇಬೇಕು. ಕಾಟನ್ ಅಂದುಕೊಂಡ ಸೀರೆ ಮಿಶ್ರಣದ್ದಾಗಿದ್ದರೆ ಮೂರು ಚುಕ್ಕಿಯ ಕಾವಿಗೆ ಮುದುರಿ ಹೋಗುತ್ತದೆ.

## ಹಂತ 7: ಪೆಟ್ಟಿಗೆಗಿಂತ ಮುಖ್ಯ, ಕೆಳಗಿನ ಹಾಸು

ಸ್ಪಂಜು ತುಂಬಿದ ಮೆತ್ತನೆಯ ಇಸ್ತ್ರಿ ಮೇಜಿನ ಮೇಲೆ ತುಂಡು ಒಳಗೆ ಕುಸಿದು ಹಿಗ್ಗುತ್ತದೆ. ಕ್ವಿಲ್ಟಿನ ಚೌಕ ವಕ್ರವಾಗಲು ಇದು ದೊಡ್ಡ ಕಾರಣ. ಬೇಕಾದ್ದು ಗಟ್ಟಿ ಹಾಸು.

ಪರದೇಶದ ಕ್ವಿಲ್ಟಿನವರು ಇದಕ್ಕೆಂದೇ ಉಣ್ಣೆಯ ದಪ್ಪ ಮ್ಯಾಟ್ ಕೊಳ್ಳುತ್ತಾರೆ. ಇಲ್ಲಿಗೆ ತರಿಸಿದರೆ ಪೆಟ್ಟಿಗೆಗಿಂತ ಅದೇ ದುಬಾರಿ. ನಮ್ಮಲ್ಲಿ ಕುರಿ ಉಣ್ಣೆಯ ಕಂಬಳಿ ಇದೆಯಲ್ಲ! ಚಿತ್ರದುರ್ಗದ ಕಡೆ, ಉತ್ತರ ಕರ್ನಾಟಕದ ಸಂತೆಗಳಲ್ಲಿ ಸಿಗುವ ಕೈಮಗ್ಗದ ಕರಿ ಕಂಬಳಿ ಈ ಕೆಲಸಕ್ಕೆ ತುಂಬಾ ಚೆನ್ನಾಗಿ ಒಗ್ಗುತ್ತದೆ. ಉಣ್ಣೆ ಕಾವನ್ನು ಹಿಡಿದು ಕೆಳಗಿನಿಂದಲೂ ಬಟ್ಟೆಗೆ ಕೊಡುತ್ತದೆ, ತೇವ ಹೀರುತ್ತದೆ, ಒರಟಾಗಿರುವುದರಿಂದ ತುಂಡು ಜಾರುವುದಿಲ್ಲ.

ಗಟ್ಟಿ ಹಲಗೆ ಮೇಲೆ ಕಂಬಳಿಯನ್ನು ಎರಡು ಮಡಿಕೆ ಹಾಸಿ. ಮೇಲೆ ಬಿಳಿ ಕಾಟನ್ ಬೆಡ್‌ಶೀಟ್ ಬಿಗಿಯಾಗಿ ಎಳೆದು ಹಲಗೆಯ ಹಿಂದೆ ಮೊಳೆ ಹೊಡೆಯಿರಿ. ಕರಿ ಉಣ್ಣೆಯ ಕೂದಲು ತಿಳಿ ಬಣ್ಣದ ಬಟ್ಟೆಗೆ ಹತ್ತದಿರಲು ಈ ಹೊದಿಕೆ ಬೇಕೇ ಬೇಕು. ಕೊಳ್ಳುವಾಗ ಒಂದೆಳೆ ಸುಟ್ಟು ನೋಡಿ. ಉಣ್ಣೆ ಅಂತ ಹೇಳಿ ಅಕ್ರಿಲಿಕ್ ಮಾರುವುದುಂಟು, ಅದು ಕರಗುತ್ತದೆ. ಸನ್‌ಮೈಕಾ ಮೇಜಿನ ಮೇಲೆ ನೇರವಾಗಿ ಒಂದು ಬಟ್ಟೆ ಹಾಸಿ ಒತ್ತಿದರೆ ಮೇಜೂ ಉಬ್ಬುತ್ತದೆ.

## ಹಂತ 8: ಒತ್ತುವ ಕ್ರಮ

ಹೊಲಿಯುವ ಮುಂಚೆ. ಲೈನಿಂಗ್ ಮತ್ತು ಕಾಟನ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಇದಾಗದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ.

ಕ್ವಿಲ್ಟಿನ ಹೊಲಿಗೆ. ಹೊಲಿದ ಎರಡು ತುಂಡನ್ನು ಬಿಡಿಸದೆ, ಹಾಗೇ ಮಡಿಕೆಯಲ್ಲಿದ್ದಂತೆ ಹೊಲಿಗೆಯ ಮೇಲೆ ಒಮ್ಮೆ ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ. ನಂತರ ಬಿಡಿಸಿ, ಹಿಂದಿನ ಮಾರ್ಜಿನ್ (ಹೊಲಿಗೆಯ ಆಚೆ ಉಳಿದ ಅಂಚು) ಗಾಢ ಬಣ್ಣದ ತುಂಡಿನ ಕಡೆ ಹೋಗುವಂತೆ ಮಾಡಿ, ಮುಂಬದಿಯಿಂದ ಒತ್ತಿ. ಪೆಟ್ಟಿಗೆ ಎತ್ತಿ ಮುಂದಿನ ಜಾಗಕ್ಕೆ ಇಡಿ. ಹಿಂದೆ ಮುಂದೆ ಉಜ್ಜಲೇಬಾರದು, ಓರೆಯಾಗಿ ಕತ್ತರಿಸಿದ ತುಂಡಾದರೆ ಅಂತೂ ರಬ್ಬರಿನಂತೆ ಹಿಗ್ಗುತ್ತದೆ. ಪಕ್ಕದ ಸಾಲಿನ ಮಾರ್ಜಿನ್ ಎದುರು ದಿಕ್ಕಿಗೆ ಒತ್ತಿದರೆ ಎರಡು ಸಾಲು ಸೇರಿಸುವಾಗ ಮೂಲೆ ಮೂಲೆಗೆ ಸರಿಯಾಗಿ ಕೂರುತ್ತದೆ.

ಸರಿಯಾಗಿ ಒತ್ತದ ಹೊಲಿಗೆಯಲ್ಲಿ ಒಂದು ಸಣ್ಣ ಮಡಿಕೆ ಉಳಿಯುತ್ತದೆ. ಒಂದೊಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ನುಂಗಿದರೆ, ಎಂಟು ಹೊಲಿಗೆಯ ಸಾಲಿನಲ್ಲಿ ಅರ್ಧ ಇಂಚು ಮಾಯ. ಚೌಕ ಕೂಡದಿರುವುದಕ್ಕೆ ಲೆಕ್ಕ ಇಷ್ಟೇ.

ಫ್ಯೂಸಿಂಗ್. ಕೈಯಾಡಿಸಿ ನೋಡಿ, ಸಣ್ಣ ಚುಕ್ಕಿಗಳಿಂದ ಒರಟಾಗಿ, ಸ್ವಲ್ಪ ಹೊಳೆಯುವ ಕಡೆ ಅಂಟು. ಅದು ಬಟ್ಟೆಯ ಹಿಂಬದಿಗೆ ತಾಗಬೇಕು. ಮೇಲೆ ತೆಳು ಕಾಟನ್ ತುಂಡು ಹಾಕಿ, ಎರಡು ಚುಕ್ಕಿಯ ಕಾವಿನಲ್ಲಿ, ಹತ್ತರಿಂದ ಹದಿನೈದು ಸೆಕೆಂಡ್ ಒಂದೇ ಕಡೆ ಒತ್ತಿ ಹಿಡಿಯಿರಿ. ಎತ್ತಿ, ಪಕ್ಕಕ್ಕೆ ಇಡಿ. ಜಾರಿಸಿದರೆ ಕರಗಿದ ಅಂಟಿನ ಮೇಲೆ ಬಟ್ಟೆ ಸರಿದು ಅಲ್ಲೇ ಗುಳ್ಳೆಯಾಗುತ್ತದೆ. ಪೂರ್ತಿ ಆರುವ ತನಕ ಹಾಸಿನಿಂದ ತೆಗೆಯಬೇಡಿ. ಅವಸರದಲ್ಲಿ ಬಿಸಿ ಇರುವಾಗಲೇ ಎತ್ತುವುದೇ ಹೆಚ್ಚಿನವರ ತಪ್ಪು. ಮೊದಲು ಎರಡು ಇಂಚಿನ ತುಂಡಿನಲ್ಲಿ ಮಾಡಿ, ಆರಿದ ಮೇಲೆ ಮೂಲೆ ಹಿಡಿದು ಕಿತ್ತು ನೋಡಿ. ಸುಲಭವಾಗಿ ಬಂದರೆ ಸಮಯ ಹೆಚ್ಚಿಸಿ. ಅಂಟು ಮುಂಬದಿಗೆ ಒಸರಿದ್ದರೆ ಕಾವು ತಗ್ಗಿಸಿ.

ಸಿಲ್ಕು, ಖಣ, ಜರಿ. ಹಿಂಬದಿಯಿಂದ, ನೀರು ಚಿಮುಕಿಸದೆ, ನಡುವೆ ಬಟ್ಟೆ ಹಾಕಿ. ಈಗಿನ ಜರಿಯಲ್ಲಿ ಬಹುಪಾಲು ಪ್ಲಾಸ್ಟಿಕ್ ಪದರದ್ದು, ಕಾವು ಜಾಸ್ತಿಯಾದರೆ ಸೊಟ್ಟಗಾಗುತ್ತದೆ. ಜರಿಯ ಮೇಲೆ ಒಂದು ಚುಕ್ಕಿ ದಾಟಬೇಡಿ.

ಮುಗಿದ ಕ್ವಿಲ್ಟ್. ಒಳಗೆ ಹತ್ತಿಯ ಬದಲು ಪಾಲಿಯೆಸ್ಟರ್ ನಾರು ತುಂಬಿದ್ದರೆ ಬಿಸಿ ಪೆಟ್ಟಿಗೆ ಇಡಬೇಡಿ. ಒಳಗಿನದು ಕುಗ್ಗಿ ತೆಳ್ಳಗೆ ಗಟ್ಟಿಯಾಗುತ್ತದೆ, ಮತ್ತೆ ಉಬ್ಬುವುದಿಲ್ಲ. ಬೇಕಾದ ಇಸ್ತ್ರಿಯೆಲ್ಲ ಪದರ ಹಾಸುವ ಮುಂಚೆಯೇ ಆಗಿರಲಿ.

## ಹಂತ 9: ಸ್ವಚ್ಛತೆ ಮತ್ತು ಅಪಾಯದ ಸೂಚನೆಗಳು

ತಳಕ್ಕೆ ಅಂಟು ಹಿಡಿದರೆ ಪೆಟ್ಟಿಗೆ ಬೆಚ್ಚಗಿರುವಾಗಲೇ ದಪ್ಪ ಕಾಟನ್ ಬಟ್ಟೆಯ ಮೇಲೆ ಉಜ್ಜಿ. ಸಾದಾ ಲೋಹದ ತಳವಾದರೆ ಕಾಗದದ ಮೇಲೆ ಪುಡಿ ಉಪ್ಪು ಹರಡಿ ಅದರ ಮೇಲೆ ಆಡಿಸಬಹುದು. ನಾನ್‌ಸ್ಟಿಕ್‌ಗೆ ಉಪ್ಪು, ಬ್ಲೇಡು, ಸ್ಟೀಲ್ ನಾರು ಯಾವುದೂ ಬೇಡ.

ಈ ಕೆಳಗಿನದು ಕಂಡರೆ ಅವತ್ತಿಗೇ ಕೆಲಸ ನಿಲ್ಲಿಸಿ:

- ತಳವೋ ಲೋಹದ ಮೈಯೋ ಮುಟ್ಟಿದಾಗ ಜುಮ್ ಅನ್ನುವುದು. ಸ್ವಲ್ಪವೇ ಆದರೂ ನಿರ್ಲಕ್ಷ್ಯ ಬೇಡ. ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕೀಳಿ.
- ಪ್ಲಗ್ ಅಥವಾ ಸಾಕೆಟ್ ಮುಟ್ಟಲಾರದಷ್ಟು ಬಿಸಿಯಾಗುವುದು, ಕಂದು ಬಣ್ಣಕ್ಕೆ ತಿರುಗುವುದು.
- ಕಾವಿನ ದೀಪ ಎಷ್ಟು ಹೊತ್ತಾದರೂ ಆರದಿರುವುದು. ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು. ಕಾವು ಏರುತ್ತಲೇ ಹೋಗುತ್ತದೆ.
- ವೈರು ಪೆಟ್ಟಿಗೆ ಸೇರುವ ಕಡೆ ಬಿರುಕು, ಒಳಗಿನ ಎಳೆ ಕಾಣುವುದು. ಇನ್ಸುಲೇಷನ್ ಟೇಪ್ ಸುತ್ತಿ ಬಳಸಬೇಡಿ, ವೈರು ಬದಲಿಸಿ.
- ಅದೇ ಡಯಲ್, ಅದೇ ಬಟ್ಟೆ ಇದ್ದರೂ ಇದ್ದಕ್ಕಿದ್ದಂತೆ ಕಂದು ಕಲೆ ಬೀಳತೊಡಗುವುದು.

ವೈರು, ಪ್ಲಗ್, ಥರ್ಮೋಸ್ಟಾಟ್ ಬದಲಿಸಿದರೆ ಭಾರದ ಡ್ರೈ ಐರನ್ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಎಲಿಮೆಂಟ್ ತಳಕ್ಕೇ ಎರಕವಾಗಿ ಸೇರಿಕೊಂಡಿರುವ ಮಾದರಿಯಲ್ಲಿ ಎಲಿಮೆಂಟ್ ಹೋದರೆ ರಿಪೇರಿಗೆ ಕೇಳುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಳ್ಳುವುದು ಮೇಲು.